ಕಾನೂನು ಪಾಠ ಮಾಡುವವರಿಗೆ ಜೈಲಿನಲ್ಲಿ ಏನು ಕೆಲಸ?

ಪ್ರಶ್ನೆ: ನನ್ನ ಮಗಳು ಹುಬ್ಬಳ್ಳಿಯಲ್ಲಿ ಐದು ವರ್ಷದ ಕಾನೂನು ಕೋರ್ಸಿನ ಕೊನೆಯ ವರ್ಷದಲ್ಲಿದ್ದಾಳೆ. ವಕೀಲಿ ಮಾಡುವುದಿಲ್ಲವಂತೆ. ಕಾನೂನು ಪ್ರೊಫೆಸರ್ ಆಗಿ ಜೈಲು ಸುಧಾರಣೆಯ ಕೆಲಸ ಮಾಡುತ್ತೇನೆ ಅನ್ನುತ್ತಾಳೆ. ಹೀಗೂ ಒಂದು ವೃತ್ತಿ ಇದೆಯಾ? ಪಾಠ ಮಾಡುವವರು ಜೈಲಿಗೆ ಹೋಗಿ ಏನು ಮಾಡುತ್ತಾರೆ? ಜೀವನ ನಡೆಯುತ್ತದೆಯಾ? ‘ಹೆಣ್ಣುಮಗಳು ಜೈಲಿಗೆ ಹೋಗಿ ಬರ್ತಾಳೆ ಅಂದ್ರೆ ಜನ ಏನಂದಾರು’ ಅಂತ ಅವಳ ಅಜ್ಜಿ ದಿನಾ ಕೇಳುತ್ತಾರೆ.
ಒಬ್ಬ ತಂದೆ, ಹಾವೇರಿ

ಉತ್ತರ: ಇದೆ. ಆದರೆ ‘ಜೈಲು ಸುಧಾರಕರು ಬೇಕಾಗಿದ್ದಾರೆ’ ಅಂತ ಯಾರೂ ಜಾಹೀರಾತು ಕೊಡುವುದಿಲ್ಲ. ಸಂಬಳ ಬರುವುದು ಪಾಠಕ್ಕೆ. ಜೈಲಿನ ಕೆಲಸವನ್ನು ನಾವೇ ಅದಕ್ಕೆ ಜೋಡಿಸಿಕೊಳ್ಳಬೇಕು. ನಾನು ಬಹಳ ವರ್ಷ ಕ್ರಿಮಿನಲ್ ಕಾನೂನು ಪಾಠ ಮಾಡಿದವನು, ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ಜಿಲ್ಲಾ ಕಾರಾಗೃಹಕ್ಕೆ ಹೋಗಿ ಬಂದವನು. ಕಂಡದ್ದನ್ನು ಹೇಳುತ್ತೇನೆ.

ಮೊದಲು ದೆಹಲಿ ವಿಶ್ವವಿದ್ಯಾಲಯದ ಇಬ್ಬರು ಮೇಷ್ಟ್ರ ವಿಷಯ. ಒಬ್ಬರು ಉಪೇಂದ್ರ ಬಕ್ಷಿ. ರಾಜಕೋಟದಲ್ಲಿ ಹುಟ್ಟಿ, ಅಮೆರಿಕದ ಬರ್ಕ್ಲಿಯಲ್ಲಿ ಡಾಕ್ಟರೇಟ್ ಮಾಡಿ, ಸಿಡ್ನಿಯಲ್ಲಿ ಪಾಠ ಮಾಡಿ, 1973ರಲ್ಲಿ ದೆಹಲಿಗೆ ಬಂದವರು. ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಇನ್ನೊಬ್ಬರು ಲೋತಿಕಾ ಸರ್ಕಾರ್. ಕೇಂಬ್ರಿಜ್‌ನಲ್ಲಿ ಕಾನೂನು ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ. 1979ರಲ್ಲಿ ಇವರಿಬ್ಬರು, ಜೊತೆಗೆ ರಘುನಾಥ್ ಕೇಳ್ಕರ್ ಮತ್ತು ವಸುಧಾ ಧಗಮ್ವಾರ್, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಂದು ಬಹಿರಂಗ ಪತ್ರ ಬರೆದರು. ಪೊಲೀಸ್ ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾದ ಮೊಕದ್ದಮೆಯಲ್ಲಿ ಕೋರ್ಟ್ ಪೊಲೀಸರನ್ನು ಬಿಟ್ಟಿತ್ತು. ಆ ತೀರ್ಪು ಯಾಕೆ ತಪ್ಪು ಅಂತ ನಾಲ್ಕು ಮೇಷ್ಟ್ರು ಸಾಲು ಸಾಲಾಗಿ ಹೇಳಿದರು. ದೇಶದ ತುಂಬ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಠಾಣೆ, ಜೈಲು, ರಿಮ್ಯಾಂಡ್ ಹೋಮುಗಳಲ್ಲಿ ಅಧಿಕಾರ ಇರುವವರು ಮಾಡುವ ಅತ್ಯಾಚಾರ ಪ್ರತ್ಯೇಕ, ಹೆಚ್ಚಿನ ಶಿಕ್ಷೆಯ ಅಪರಾಧವಾಯಿತು.

ಈ ಪತ್ರದ ಕತೆ ಕಾನೂನು ಓದಿದ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಜಾಸ್ತಿ ಹತ್ತಿರವಾದದ್ದು ಅವರ ಇನ್ನೊಂದು ಪತ್ರ. 1981ರಲ್ಲಿ ಹೆಂಗಸರನ್ನು ಇಡುತ್ತಿದ್ದ ಆಗ್ರಾದ ಸರ್ಕಾರಿ ರಕ್ಷಣಾ ಗೃಹದ ಬಗ್ಗೆ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ವರದಿ ಬಂತು. ಹೆಸರು ರಕ್ಷಣಾ ಗೃಹ, ಒಳಗೆ ಬದುಕು ಜೈಲಿಗಿಂತ ಕಡೆ. ಬಕ್ಷಿ ಮತ್ತು ಸರ್ಕಾರ್ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಕೋರ್ಟ್ ಆ ಪತ್ರವನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. ಸಂತ್ರಸ್ತರು ತಾವೇ ಬರಬೇಕು, ವಕಾಲತ್ತು ಹಾಕಬೇಕು ಅನ್ನುವ ಕಟ್ಟು ಸಡಿಲವಾದ ಕಾಲ ಅದು.

ಮುಂದಿನದೇ ಮುಖ್ಯ. ಕೋರ್ಟ್ ಒಂದು ತೀರ್ಪು ಕೊಟ್ಟು ಫೈಲು ಮುಚ್ಚಲಿಲ್ಲ. ಆಗ್ರಾದ ಜಿಲ್ಲಾ ನ್ಯಾಯಾಧೀಶರು ತಿಂಗಳಿಗೊಮ್ಮೆ ಆ ಗೃಹಕ್ಕೆ ಹೋಗಿ ನೋಡಿ ವರದಿ ಕಳಿಸಬೇಕು ಅಂದಿತು. ವರದಿ ಬಂತು, ಮತ್ತೆ ಆದೇಶ, ಮತ್ತೆ ಭೇಟಿ. ವರ್ಷಗಟ್ಟಲೆ ಹೀಗೇ ನಡೆಯಿತು. 1997ರಲ್ಲಿ ಸುಪ್ರೀಂ ಕೋರ್ಟ್ ಆ ಗೃಹದ ಮೇಲ್ವಿಚಾರಣೆಯನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಒಪ್ಪಿಸಿತು. ಪತ್ರ ಬರೆದು ಹದಿನಾರು ವರ್ಷ ಆಗಿತ್ತು.

ನಿಮ್ಮ ಮಗಳ ದಾರಿಯಲ್ಲಿ ನಿಜವಾದ ಕೆಲಸ ಅಂದರೆ ಇದು. ಒಂದು ಸಲ ಜೈಲು ನೋಡಿ ಬಂದು ಭಾಷಣ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಎರಡನೇ ಸಲ, ಇಪ್ಪತ್ತನೇ ಸಲ ಹೋಗುವವರು ಕಡಿಮೆ. ವಕೀಲರಿಗೆ ಕಕ್ಷಿದಾರರ ಕೇಸು ಮುಗಿದರೆ ಮುಗಿಯಿತು. ಅಧಿಕಾರಿಗೆ ವರ್ಗಾವಣೆ ಆಗುತ್ತದೆ. ಮೇಷ್ಟ್ರು ಮಾತ್ರ ಅದೇ ಊರಲ್ಲಿ, ಅದೇ ಕಾಲೇಜಿನಲ್ಲಿ ಇರುತ್ತಾರೆ. ಪ್ರತಿವರ್ಷ ಹೊಸ ಅರವತ್ತು ಜನ ವಿದ್ಯಾರ್ಥಿಗಳು ಕೈಗೆ ಸಿಗುತ್ತಾರೆ.

ಒಳಗೆ ಏನು ಮಾಡುತ್ತೀರಿ ಅಂತ ಕೇಳಿದಿರಿ. ನನ್ನ ಮೊದಲ ಭೇಟಿಯನ್ನೇ ಹೇಳುತ್ತೇನೆ.

ಒಂಬತ್ತು ವಿದ್ಯಾರ್ಥಿಗಳು, ನಾನು. ಗೇಟಿನಲ್ಲಿ ಮೊಬೈಲು, ಪರ್ಸು ಕೊಟ್ಟೆವು. ರಿಜಿಸ್ಟರಿನಲ್ಲಿ ಹೆಸರು ಬರೆಸಿದರು. ಮುಂಗೈಗೆ ನೀಲಿ ಸೀಲು ಒತ್ತಿದರು. ಸಂವಿಧಾನದ 21ನೇ ವಿಧಿಯ, ಅಂದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಬಗ್ಗೆ ಒಂದು ಒಳ್ಳೆಯ ಭಾಷಣ ತಯಾರು ಮಾಡಿಕೊಂಡು ಹೋಗಿದ್ದೆವು. ಮೂವತ್ತು ಜನ ವಿಚಾರಣಾಧೀನ ಕೈದಿಗಳು ಜಮಖಾನೆಯ ಮೇಲೆ ಕೂತು ಕೇಳಿದರು. ಮುಗಿದ ಮೇಲೆ ಒಬ್ಬ ಎದ್ದು ಬಂದ. ಕಬ್ಬು ಕಡಿಯುವ ಕೆಲಸದವನು. ಅಂಗಿ ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ. ಅದರೊಳಗೆ ನಾಲ್ಕು ಮಡಿಕೆ ಮಾಡಿದ ಕಾಗದ. ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿಹೋಗಿತ್ತು. ‘ಸಾರ್, ಇದ್ರಾಗ ಏನ್ ಬರದಾರ ಸ್ವಲ್ಪ ಓದಿ ಹೇಳ್ರಿ’ ಅಂದ.

ಇಂಗ್ಲಿಷಿನಲ್ಲಿದ್ದ ಜಾಮೀನು ಆದೇಶ. ತಾರೀಖು ನೋಡಿದೆ, ಐದು ತಿಂಗಳ ಹಿಂದಿನದು. ಐದು ತಿಂಗಳ ಹಿಂದೆಯೇ ಅವನಿಗೆ ಜಾಮೀನು ಸಿಕ್ಕಿತ್ತು! ‘ಬೇಲ್ ಆಗೈತಿ ಅಂತ ಗೊತ್ರಿ, ಯಾಕ್ ಬಿಡವಲ್ರು ಅಂತ ಗೊತ್ತಿಲ್ಲ’ ಅಂದ. ತಲಾ ಐವತ್ತು ಸಾವಿರದ ಇಬ್ಬರು ಶ್ಯೂರಿಟಿ (ಜಾಮೀನುದಾರರು) ಬೇಕು ಅಂತ ಷರತ್ತು. ಅವನ ಅಣ್ಣ ಪಹಣಿ ತೆಗೆಸಿಕೊಂಡು ಕೋರ್ಟಿಗೆ ಹೋಗಿದ್ದ. ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ಅಜ್ಜ ತೀರಿ ಹನ್ನೆರಡು ವರ್ಷ. ಪೌತಿ ಖಾತೆ ಮಾಡಿಸಿರಲಿಲ್ಲ. ಶ್ಯೂರಿಟಿ ಒಪ್ಪಲಿಲ್ಲ. ಅಣ್ಣ ವಾಪಸ್ ಹೋದ. ವಿಷಯ ಅಲ್ಲಿಗೇ ನಿಂತಿತ್ತು.

ಜೊತೆಗಿದ್ದ ಒಬ್ಬ ವಿದ್ಯಾರ್ಥಿನಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: ‘ಪಹಣಿ, ಅಜ್ಜನ ಹೆಸರು.’ ನಾವು ತಂದ ಭಾಷಣಕ್ಕಿಂತ ಆ ಮೂರು ಪದ ದೊಡ್ಡದು. ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆವು. ಅವರ ಪ್ಯಾನೆಲ್ ವಕೀಲರು ಷರತ್ತು ಸಡಿಲಿಸಲು ಅರ್ಜಿ ಹಾಕಿದರು. ಮೂರು ವಾರ ಹಿಡಿಯಿತು, ನಾಲ್ಕು ಸಲ ಓಡಾಡಿದೆವು. ಅವನು ಸ್ವಂತ ಬಾಂಡಿನ ಮೇಲೆ, ಅಂದರೆ ತಾನೇ ಬರೆದುಕೊಟ್ಟ ಮುಚ್ಚಳಿಕೆಯ ಮೇಲೆ ಹೊರಬಂದ.

ಇದರಲ್ಲಿ ಹೊಸ ಕಾನೂನು ಏನೂ ಇಲ್ಲ, ಅಲ್ವಾ? 1978ರಲ್ಲೇ ಮೋತಿ ರಾಮ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನೇ ಹೇಳಿದ್ದರು. ಮೋತಿ ರಾಮ್ ಗಾರೆ ಕೆಲಸದವನು. ಮ್ಯಾಜಿಸ್ಟ್ರೇಟರು ಹತ್ತು ಸಾವಿರದ ಶ್ಯೂರಿಟಿ ಕೇಳಿದ್ದರು. ಅವನ ಸೋದರ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಕಳಿಸಿಬಿಟ್ಟಿದ್ದರು. ಸುಪ್ರೀಂ ಕೋರ್ಟ್ ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ ಅವನನ್ನು ಬಿಡಿಸಿತು. ಆ ತೀರ್ಪನ್ನು ನಾನು ತರಗತಿಯಲ್ಲಿ ಹತ್ತಾರು ಸಲ ಪಾಠ ಮಾಡಿದ್ದೆ. ಆದರೆ ಅದು ನಮ್ಮೂರ ಜೈಲಿನ ಆ ಅಂಗಿ ಜೇಬಿನವರೆಗೆ ತಲುಪಿರಲಿಲ್ಲ. ತೀರ್ಪಿಗೂ ಕೈದಿಗೂ ನಡುವಿನ ಈ ದೂರದಲ್ಲೇ ನಿಮ್ಮ ಮಗಳು ಕೆಲಸ ಮಾಡಬೇಕು ಅಂದುಕೊಂಡಿದ್ದಾಳೆ. ದೂರ ಬಹಳ ಇದೆ, ಕೆಲಸವೂ ಬಹಳ ಇದೆ.

ಈಗಿನ ಕಾನೂನಿನಲ್ಲಿ ಹಿಡಿದುಕೊಳ್ಳಲು ಹಗ್ಗಗಳು ಜಾಸ್ತಿ ಆಗಿವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಕೇಸು ನಡೆಸುವ ಕ್ರಮದ ಹೊಸ ಕಾನೂನು) 479ನೇ ಕಲಂ ನೋಡಿ. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವರು ಈಗ ಆರೋಪ ಇರುವ ಅಪರಾಧದ ಗರಿಷ್ಠ ಶಿಕ್ಷೆಯ ಮೂರರಲ್ಲಿ ಒಂದು ಭಾಗ ಜೈಲಿನಲ್ಲಿ ಕಳೆದಿದ್ದರೆ ಬಾಂಡಿನ ಮೇಲೆ ಬಿಡಬೇಕು. ಉಳಿದವರಿಗೆ ಅರ್ಧ ಅವಧಿ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಕೇಸು ಇದ್ದವರಿಗೂ ತೊಡಕಿದೆ. ಅವಧಿ ಮುಗಿದ ತಕ್ಷಣ ಕೋರ್ಟಿಗೆ ಬರೆಯುವ ಜವಾಬ್ದಾರಿ ಜೈಲು ಸೂಪರಿಂಟೆಂಡೆಂಟರದು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹಳೆಯ ಕೇಸಿನವರಿಗೂ ಇದು ಸಲ್ಲುತ್ತದೆ ಅಂತ ಸ್ಪಷ್ಟಪಡಿಸಿತು. ಇನ್ನು ಜಾಮೀನು ಸಿಕ್ಕಿಯೂ ಏಳು ದಿನದಲ್ಲಿ ಹೊರಬಾರದವರ ವಿಷಯವನ್ನು ಸೂಪರಿಂಟೆಂಡೆಂಟರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರಲ್ಲೇ ಆದೇಶ ಇದೆ. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ನೆರವಿನ ಯೋಜನೆ ತಂದಿತು. ಆಗ ಇಟ್ಟ ಮಿತಿ ವಿಚಾರಣಾಧೀನರ ಜಾಮೀನಿಗೆ 40,000 ರೂಪಾಯಿವರೆಗೆ, ಸಜಾ ಕೈದಿಗಳ ದಂಡಕ್ಕೆ 25,000 ರೂಪಾಯಿವರೆಗೆ.

ಈ ಹಗ್ಗ ಎಳೆಯಲು ಯಾರಾದರೂ ಲೆಕ್ಕ ಹಾಕಬೇಕು. ಬಂಧನದ ತಾರೀಖು, ಕಲಂ, ಗರಿಷ್ಠ ಶಿಕ್ಷೆ, ಎಷ್ಟು ದಿನ ಕಳೆದಿದ್ದಾರೆ, ಬೇರೆ ಕೇಸು ಇದೆಯಾ. ನಾಲ್ಕು ನೂರು ಕೈದಿಗಳಿರುವ ಜೈಲಿನಲ್ಲಿ ಇರುವುದು ಬೆರಳೆಣಿಕೆಯ ಗುಮಾಸ್ತರು. ಎರಡನೇ ವರ್ಷದ ಕಾನೂನು ವಿದ್ಯಾರ್ಥಿಗಳು ಆರು ಜನ, ಒಂದು ಎಕ್ಸೆಲ್ ಶೀಟು, ಎರಡು ಶನಿವಾರ. ಇಷ್ಟು ಇದ್ದರೆ ಪಟ್ಟಿ ತಯಾರಾಗುತ್ತದೆ. ಆ ಪಟ್ಟಿ ಜಿಲ್ಲೆಯ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯ ಮುಂದೆ ಹೋಗಬೇಕು. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ, ಎಸ್‌ಪಿ ಎಲ್ಲರೂ ಅದರಲ್ಲಿರುತ್ತಾರೆ. ನಮ್ಮ ಪಟ್ಟಿಯಲ್ಲಿ ಒಂದೂ ತಪ್ಪಿರಬಾರದು. ಒಂದು ತಾರೀಖು ತಪ್ಪಿದರೂ ಇಡೀ ಪಟ್ಟಿಯನ್ನು ಯಾರೂ ನಂಬುವುದಿಲ್ಲ. ಅದಕ್ಕೇ ಮೇಷ್ಟ್ರು ಬೇಕು. ಮಕ್ಕಳು ಮಾಡಿದ್ದನ್ನು ರಾತ್ರಿ ಕೂತು ಒಂದೊಂದಾಗಿ ತಿದ್ದುವ ಅಭ್ಯಾಸ ಇರುವುದು ಅವರಿಗೆ.

ಇನ್ನೊಂದು ಕೆಲಸ ಓದುವುದು. ಜೈಲು ಕೈಪಿಡಿಗಳನ್ನು ಸುಮ್ನೆ ಕೂತು ಓದುವವರು ಯಾರಿದ್ದಾರೆ ಹೇಳಿ. ಪತ್ರಕರ್ತೆ ಸುಕನ್ಯಾ ಶಾಂತಾ ಓದಿದರು. ಹಲವು ರಾಜ್ಯಗಳ ಕೈಪಿಡಿಗಳಲ್ಲಿ ಕಸ ಗುಡಿಸಲು ಇಂಥ ಜಾತಿಯವರು, ಅಡುಗೆಗೆ ಇಂಥವರು ಅಂತ ಇನ್ನೂ ಬರೆದಿತ್ತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಅದನ್ನೆಲ್ಲ ರದ್ದು ಮಾಡಿತು. ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಮನ್ನೇ ತೆಗೆಯಬೇಕು ಅಂತ ಹೇಳಿತು. ದಶಕಗಳ ಕಾಲ ಕಾನೂನು ಕಾಲೇಜುಗಳ ಲೈಬ್ರರಿಯಲ್ಲೇ ಇದ್ದ ಪುಸ್ತಕಗಳವು. ನಾವು ಮೇಷ್ಟ್ರುಗಳು ಮೊದಲೇ ಎತ್ತಬೇಕಾಗಿದ್ದ ವಿಷಯ ಅಂತ ನನಗೆ ಇವತ್ತಿಗೂ ನೋವಿದೆ.

ಹೊರದೇಶದ ಒಬ್ಬರ ಹೆಸರನ್ನೂ ಮಗಳಿಗೆ ಹೇಳಿ. ನಾರ್ವಲ್ ಮಾರಿಸ್. ಆಕ್ಲೆಂಡಿನಲ್ಲಿ ಹುಟ್ಟಿ ಮೆಲ್ಬರ್ನ್‌ನಲ್ಲಿ ಓದಿದವರು. ನಮ್ಮ ಪಕ್ಕದ ಸಿಲೋನಿನಲ್ಲಿ 1950ರ ದಶಕದ ಕೊನೆಗೆ ಮರಣದಂಡನೆಯ ಬಗ್ಗೆ ರಚಿಸಿದ ಆಯೋಗಕ್ಕೆ ಅವರೇ ಅಧ್ಯಕ್ಷರು. 1964ರಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಸೇರಿದರು, ಅಲ್ಲಿನ ಕಾನೂನು ಶಾಲೆಯ ಡೀನ್ ಆದರು, 2004ರಲ್ಲಿ ತೀರಿಕೊಂಡರು. ಅವರ ಮಾತು ಸರಳ. ಜೈಲಿನಲ್ಲಿ ಓದು, ಕಸುಬು, ಚಿಕಿತ್ಸೆ ಎಲ್ಲ ಇರಲಿ. ಆದರೆ ಅದಕ್ಕೆ ಸೇರುವುದು ಕೈದಿಯ ಇಷ್ಟ. ಸೇರಿದರೆ ಬೇಗ ಬಿಡುತ್ತೇವೆ ಅಂತ ಬಿಡುಗಡೆಯ ದಿನವನ್ನು ಅದಕ್ಕೆ ಕಟ್ಟಬೇಡಿ. ಹಾಗೆ ಕಟ್ಟಿದರೆ ಜನ ಬದಲಾಗುವುದಿಲ್ಲ, ಬದಲಾದವರ ಹಾಗೆ ನಟಿಸುವುದನ್ನು ಕಲಿಯುತ್ತಾರೆ. 1976ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಬಟ್ನರ್ ಎಂಬಲ್ಲಿ ಶುರುವಾದ ಫೆಡರಲ್ ಜೈಲಿನಲ್ಲಿ ಅವರ ಈ ವಿಚಾರಗಳನ್ನು ಪ್ರಯೋಗ ಮಾಡಿ ನೋಡಿದರು. ಮೇಷ್ಟ್ರೊಬ್ಬರು ಬರೆದದ್ದು ಗೋಡೆ, ಕೋಣೆ, ದಿನಚರಿಯಾಗಿ ನಿಂತಿತು. ನಮ್ಮ ಕರ್ನಾಟಕದಲ್ಲಿ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳ ಜೊತೆ ನಾಟಕ ಮಾಡಿಸಿದ್ದನ್ನು ನೋಡಿದಾಗಲೆಲ್ಲ ನನಗೆ ಮಾರಿಸ್ ನೆನಪಾಗುತ್ತಾರೆ. ಮನಸ್ಸಿಟ್ಟು ಬಣ್ಣ ಹಚ್ಚುವುದು ಬೇರೆ, ಹಾಜರಿಗಾಗಿ ಹಚ್ಚುವುದು ಬೇರೆ.

ಈಗ ಜೀವನದ ಪ್ರಶ್ನೆ. ಎಲ್‌ಎಲ್‌ಎಂನಲ್ಲಿ (ಕಾನೂನಿನ ಸ್ನಾತಕೋತ್ತರ ಪದವಿ) ಶೇಕಡ 55 ಅಂಕ ಬೇಕು, ಜೊತೆಗೆ ಮೇಷ್ಟ್ರಾಗಲು ಬೇಕಾದ ಅರ್ಹತಾ ಪರೀಕ್ಷೆ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು. ಯುಜಿಸಿ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನ ತಿಂಗಳಿಗೆ 57,700 ರೂಪಾಯಿ, ಮೇಲೆ ಭತ್ಯೆಗಳು. ಆದರೆ ಖಾಯಂ ಹುದ್ದೆ ಸಿಗುವುದು ಸುಲಭವಲ್ಲ. ಮೊದಲ ಕೆಲವು ವರ್ಷ ಅತಿಥಿ ಉಪನ್ಯಾಸಕಿಯಾಗಿಯೋ ಖಾಸಗಿ ಕಾಲೇಜಿನಲ್ಲಿಯೋ ಇದಕ್ಕಿಂತ ತುಂಬ ಕಡಿಮೆ ದುಡ್ಡಿಗೆ ದುಡಿಯಬೇಕಾಗಬಹುದು. ಇದನ್ನು ಮುಚ್ಚಿಡುವುದಿಲ್ಲ. ಹುಬ್ಬಳ್ಳಿಯ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ, ಬೆಂಗಳೂರಿನ ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯನ್ನೂ ಯೋಚಿಸಲಿ. ಅಲ್ಲಿ 1990ರಲ್ಲಿ ಶುರುವಾದ ‘ಪ್ರಯಾಸ್’ ಯೋಜನೆ ಕೈದಿಗಳ ನಡುವೆಯೇ ಕೆಲಸ ಮಾಡುತ್ತಾ ಬಂದಿದೆ. ಕಾನೂನಿನ ಜೊತೆ ಸಮಾಜಕಾರ್ಯ ಕಲಿತರೆ ಜೈಲಿನಲ್ಲಿ ಕಣ್ಣು ಇನ್ನಷ್ಟು ತೆರೆಯುತ್ತದೆ.

ಒಂದು ನಿಯಮ ಮೊದಲೇ ತಿಳಿದಿರಲಿ. ಪೂರ್ಣಾವಧಿ ಸಂಬಳದ ಮೇಷ್ಟ್ರು ವಕೀಲಿ ಮಾಡುವಂತಿಲ್ಲ. ವಕೀಲರು ದಿನಕ್ಕೆ ಮೂರು ಗಂಟೆವರೆಗೆ ಕಾನೂನು ಪಾಠ ಮಾಡಬಹುದು. ಹಾಗಾಗಿ ಅವಳು ಕೈದಿಯ ಪರ ಕೋರ್ಟಿನಲ್ಲಿ ನಿಂತು ವಾದ ಮಾಡಲಾರಳು. ಅರ್ಜಿಗೆ ಬೇಕಾದ್ದನ್ನೆಲ್ಲ ಜೋಡಿಸಿ ಪ್ಯಾನೆಲ್ ವಕೀಲರ ಕೈಗೆ ಕೊಡಬಹುದು. ಬಕ್ಷಿ ಮತ್ತು ಸರ್ಕಾರ್ ಹಾಗೆ ತಾನೇ ಅರ್ಜಿದಾರಳಾಗಬಹುದು. ಜೈಲಿನಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯಲು ಹಕ್ಕಿದೆ. ಎಷ್ಟೋ ಕೈದಿಗಳಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿದ್ದವರಿಗೂ ತಮ್ಮ ವಕೀಲರ ಹೆಸರು ಗೊತ್ತಿರುವುದಿಲ್ಲ. ಆ ಹೆಸರು ತಿಳಿದುಕೊಂಡು ಬಂದು ಹೇಳಿದರೆ ಅವರ ಮುಖ ಅರಳುವುದನ್ನು ನೋಡಬೇಕು.

ಅಜ್ಜಿಯವರಿಗೆ ನಾನು ಹೇಳುವುದು ಇದು. ಅಮ್ಮಾ, 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ಕರಲ್ಲಿ ಮೂರು ಜನರ ತಪ್ಪು ಇನ್ನೂ ಸಾಬೀತಾಗಿಲ್ಲ. ಹೆಂಗಸರ ವಿಭಾಗಕ್ಕೆ ಹೋದರೆ ತಾಯಂದಿರ ಜೊತೆ ಚಿಕ್ಕ ಮಕ್ಕಳಿರುತ್ತವೆ. ಆರು ವರ್ಷದವರೆಗೆ ಮಗುವನ್ನು ಜೊತೆಯಲ್ಲಿಟ್ಟುಕೊಳ್ಳಬಹುದು. ಆ ಮಗುವಿಗೆ ಹಾಲು ಬರುತ್ತಿದೆಯಾ, ಲಸಿಕೆ ಹಾಕಿಸಿದ್ದಾರಾ, ಅಂಗನವಾಡಿಗೆ ಕಳಿಸುತ್ತಿದ್ದಾರಾ ಅಂತ ಕೇಳಲು ನಿಮ್ಮ ಮೊಮ್ಮಗಳಂಥವರೇ ಬೇಕು. ನನ್ನ ಹತ್ತಿರ ಬಾಯಿಬಿಡದ ಹೆಂಗಸರು ನನ್ನ ವಿದ್ಯಾರ್ಥಿನಿಯರ ಹತ್ತಿರ ಮುಟ್ಟಿನ ಬಟ್ಟೆಯ ತೊಂದರೆಯಿಂದ ಹಿಡಿದು ಊರಲ್ಲಿ ಬಿಟ್ಟುಬಂದ ಮಗಳ ಮದುವೆಯವರೆಗೆ ಎಲ್ಲ ಹೇಳಿಕೊಂಡಿದ್ದಾರೆ. ಲೋತಿಕಾ ಸರ್ಕಾರ್ ಅವರ ಕಾಲದಲ್ಲಿ ಜನ ಏನಂದಿರಬಹುದು ಅಂತ ಯೋಚಿಸಿ ನೋಡಿ. ಅವರು ನಿಲ್ಲಲಿಲ್ಲ.

ಅಪರಾಧದಿಂದ ನೊಂದವರ ಕತೆ ಏನು ಅಂತ ನೀವು ಕೇಳಬಹುದು. ಕೇಳಲೇಬೇಕು. ವಿಚಾರಣೆ ಹತ್ತು ವರ್ಷ ಎಳೆದರೆ ನೊಂದವರಿಗೂ ನ್ಯಾಯ ಇಲ್ಲ. ಸಾಕ್ಷಿಗಳು ಸಾಯುತ್ತಾರೆ, ಮರೆಯುತ್ತಾರೆ. ತಾರೀಖಿಗೆ ಸರಿಯಾಗಿ ಕೈದಿಯನ್ನು ಕೋರ್ಟಿಗೆ ಹಾಜರುಪಡಿಸಿ ಅಂತ ಬೆನ್ನುಹತ್ತುವುದು ಇಬ್ಬರಿಗೂ ಮಾಡುವ ಕೆಲಸ.

ಕಷ್ಟದ ವಿಷಯವನ್ನೂ ಹೇಳಬೇಕು. ಒಂದು ವರ್ಷ ಪರೀಕ್ಷೆ, ಮೌಲ್ಯಮಾಪನ ಅಂತ ನಾವು ಎರಡೂವರೆ ತಿಂಗಳು ಜೈಲಿನ ಕಡೆ ಹೋಗಲಿಲ್ಲ. ಹಿಂದಿನ ಸಲ ಒಬ್ಬ ಹುಡುಗನಿಗೆ ‘ಮುಂದಿನ ವಾರ ಬರ್ತೀವಿ’ ಅಂತ ಹೇಳಿದ್ದೆ. ಹತ್ತೊಂಬತ್ತು ವರ್ಷದವನು. ಹೋದಾಗ ಅವನು ಬೈಯಲಿಲ್ಲ. ‘ಪ್ರತಿ ಶನಿವಾರ ಸ್ನಾನ ಮಾಡಿ ಕೂತಿರ್ತಿದ್ದೆ ಸಾರ್’ ಅಂದ. ಅಷ್ಟೇ. ಅವತ್ತಿನಿಂದ ತಾರೀಖು ಖಚಿತವಿಲ್ಲದೆ ಜೈಲಿನೊಳಗೆ ನಾನು ಮಾತು ಕೊಟ್ಟಿಲ್ಲ. ವಿದ್ಯಾರ್ಥಿಗಳಿಗೂ ಕೊಡಲು ಬಿಟ್ಟಿಲ್ಲ. ರಜೆಯಲ್ಲಿ ಯಾರು ಹೋಗಬೇಕು ಅಂತ ಪಾಳಿ ಹಾಕಿದೆವು.

ಸಿಬ್ಬಂದಿಯನ್ನು ಶತ್ರು ಅಂದುಕೊಂಡು ಹೋಗಬಾರದು. ವಾರ್ಡರುಗಳ ಕೆಲಸ ಬಹಳ ಕಷ್ಟದ್ದು, ಅವರೂ ಅರ್ಧ ಆಯುಷ್ಯ ಆ ಗೋಡೆಯೊಳಗೇ ಕಳೆಯುತ್ತಾರೆ. ಆದರೆ ಕಂಡ ತಪ್ಪನ್ನು ಬರೆಯದೆ ಬಿಡಬಾರದು. ಬರೆದರೆ ಮುಂದಿನ ಸಲ ಗೇಟು ತೆರೆಯುತ್ತಾರೋ ಇಲ್ಲವೋ ಅನ್ನುವ ಭಯ ಪ್ರತಿಸಲವೂ ಇರುತ್ತದೆ. ನಾನು ಕಂಡುಕೊಂಡ ದಾರಿ ಇಷ್ಟು: ಮೊದಲು ಸೂಪರಿಂಟೆಂಡೆಂಟರಿಗೆ ಬಾಯಲ್ಲಿ ಹೇಳು, ಆಮೇಲೆ ಪತ್ರದಲ್ಲಿ ಬರೆ, ಸರಿಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರಿಗೆ ಬರೆ. ದೂರು ಹೇಳಿದ ಕೈದಿಯ ಹೆಸರು ಮಾತ್ರ ಅವನು ಒಪ್ಪದೆ ಎಲ್ಲೂ ಬರೆಯಬೇಡ. ನಾವು ಸಂಜೆ ಮನೆಗೆ ಹೋಗುತ್ತೇವೆ, ಅವನು ಅಲ್ಲೇ ಇರುತ್ತಾನೆ.

ಈಗ ಮಗಳು ಮಾಡಬೇಕಾದ್ದು. ಅವಳ ಕಾಲೇಜಿನಲ್ಲಿ ಕಾನೂನು ನೆರವಿನ ಕ್ಲಿನಿಕ್ ಇರಲೇಬೇಕು, ಬಾರ್ ಕೌನ್ಸಿಲ್ ನಿಯಮ ಹಾಗಿದೆ. ಅದರ ಉಸ್ತುವಾರಿ ನೋಡುವ ಮೇಷ್ಟ್ರನ್ನು ಕಾಣಲಿ. ಹಾವೇರಿಗೆ ಬಂದಾಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅರೆಕಾನೂನು ಸ್ವಯಂಸೇವಕರ ತರಬೇತಿ ಯಾವಾಗ ಅಂತ ವಿಚಾರಿಸಲಿ. ಜೈಲಿಗೆ ಮೊದಲ ಸಲ ಹೋಗುವಾಗ ಭಾಷಣ ಬೇಡ. ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು. ಪ್ರತಿಯೊಬ್ಬರಿಗೂ ಮೂರೇ ಪ್ರಶ್ನೆ: ಯಾವಾಗಿನಿಂದ ಇದ್ದೀರಿ, ನಿಮ್ಮ ವಕೀಲರು ಯಾರು, ಮುಂದಿನ ತಾರೀಖು ಯಾವಾಗ. ಉತ್ತರ ಗೊತ್ತಿಲ್ಲ ಅಂದರೆ ಅದನ್ನೂ ಬರೆದುಕೊಳ್ಳಲಿ. ಹೊರಗೆ ಬಂದು ಆ ಉತ್ತರಗಳನ್ನು ಹುಡುಕಲಿ. ನಂತರ ವಾಪಸ್ ಹೋಗಿ ಅದೇ ಜನರಿಗೆ ಹೇಳಲಿ. ಆ ಎರಡನೇ ಭೇಟಿ ಆದ ಮೇಲೆ ನನಗೆ ಒಂದು ಪತ್ರ ಬರೆಯಲು ಹೇಳಿ. ಮುಂದೆ ಯಾವ ವಿಷಯದಲ್ಲಿ ಎಲ್‌ಎಲ್‌ಎಂ ಮಾಡಬೇಕು ಅನ್ನುವುದನ್ನು ಆ ನೋಟ್‌ಬುಕ್ ನೋಡಿಕೊಂಡೇ ಮಾತಾಡೋಣ.